ಕಲಾಕೃತಿಯ ಮುಂದೆ ಮೊಬೈಲ್ ಎತ್ತುವ ಮುನ್ನ

ವಸ್ತುಸಂಗ್ರಹಾಲಯಗಳಲ್ಲಿ ಫೋಟೊ ತೆಗೆಯುವ ಮಾತು ಬಂದಾಗಲೆಲ್ಲ ಚರ್ಚೆ ಫ್ಲ್ಯಾಷ್‌ಗೇ ಬಂದು ನಿಲ್ಲುತ್ತದೆ. ಅದನ್ನು ಬಳಸಬಾರದೆಂಬುದು ಸರಿಯೇ. ಜಲವರ್ಣ ಚಿತ್ರ, ಹಸ್ತಪ್ರತಿ, ಹಳೆಯ ಬಟ್ಟೆಗಳಿರುವ ಕೋಣೆಗಳಲ್ಲಿ ಬಣ್ಣ ಮಾಸದಿರಲೆಂದು ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಇಳಿಸಿರುತ್ತಾರೆ. ಆ ಮಬ್ಬಿಗೆ ಹೊಂದಿಕೊಂಡ ಕಣ್ಣುಗಳಿಗೆ ಪಕ್ಕದವರ ಫ್ಲ್ಯಾಷ್ ಚುಚ್ಚಿದಂತಾಗುತ್ತದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಫೋಟೊಗಾಗಿ ನಾವು ನೋಡದೆ ಹಿಂದಕ್ಕಿಡುವ ಹೆಜ್ಜೆ.

2025ರ ಜೂನ್‌ನಲ್ಲಿ ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿಯಲ್ಲಿ ಪ್ರವಾಸಿಯೊಬ್ಬರು, ಮೆಡಿಚಿ ಮನೆತನದ ರಾಜಕುಮಾರನೊಬ್ಬನ ಭಾವಚಿತ್ರದ ಮುಂದೆ ಅವನದೇ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಹೋಗಿ ಹಿಂದಕ್ಕೆ ಎಡವಿದರು, ಕ್ಯಾನ್ವಾಸ್ ಹರಿಯಿತು. 2020ರಲ್ಲಿ ಇಟಲಿಯ ಪೊಸಾನ್ಯೊದಲ್ಲಿ ಶಿಲ್ಪಿ ಕನೋವಾ ರೂಪಿಸಿದ, ನೆಪೋಲಿಯನ್‌ನ ತಂಗಿ ಪಾವ್ಲೀನಾ ಬೊನಪಾರ್ಟೆಯ ಪ್ಲಾಸ್ಟರ್ ಶಿಲ್ಪದ ಮೇಲೆ ಒಬ್ಬರು ಫೋಟೊಗಾಗಿ ಕುಳಿತಾಗ ಅದರ ಕಾಲ್ಬೆರಳುಗಳು ಮುರಿದವು. ಇವರಾರಿಗೂ ಕೆಡಿಸುವ ಉದ್ದೇಶವಿರಲಿಲ್ಲ. ಪರದೆಯ ಮೇಲೆ ತಮ್ಮ ಚಿತ್ರ ಹೇಗೆ ಬರುತ್ತದೆಂಬುದರ ಮೇಲೆಯೇ ಗಮನವಿದ್ದಾಗ ಬೆನ್ನ ಹಿಂದೆ ಏನಿದೆ ಎಂಬ ಎಚ್ಚರ ತಪ್ಪುತ್ತದೆ. ಸೆಲ್ಫಿ ಕೋಲನ್ನು ಹಲವು ದೊಡ್ಡ ಸಂಗ್ರಹಾಲಯಗಳು ನಿಷೇಧಿಸಿದ್ದರ ಹಿಂದೆಯೂ ಇಂಥದೇ ಆತಂಕವಿದೆ.

ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ. ಪ್ಯಾರಿಸ್‌ನ ಓರ್ಸೇ ಸಂಗ್ರಹಾಲಯ 2015ರಲ್ಲಿ ಫೋಟೊ ತೆಗೆಯುವುದರ ಮೇಲಿದ್ದ ನಿಷೇಧವನ್ನು ತೆಗೆದುಹಾಕಿತು. ಮ್ಯಾಡ್ರಿಡ್‌ನ ಪ್ರಾಡೊ ತನ್ನ ಕೋಣೆಗಳಲ್ಲಿ ಫೋಟೊಗೆ ಅವಕಾಶ ಕೊಡುವುದಿಲ್ಲ. ಬೇರೆ ಕಡೆಯಿಂದ ಎರವಲು ತಂದ ಕೃತಿಗಳಿಗೆ ಕೊಟ್ಟವರ ಷರತ್ತುಗಳಿರಬಹುದು, ಸಮಕಾಲೀನ ಕಲಾವಿದರಿಗೆ ಹಕ್ಕುಸ್ವಾಮ್ಯವಿರುತ್ತದೆ. ಹಾಗಾಗಿ ಒಂದೇ ಕಟ್ಟಡದಲ್ಲೂ ಕೋಣೆಯಿಂದ ಕೋಣೆಗೆ ಫಲಕ ಬದಲಾಗುವುದುಂಟು. ಅನುಮಾನವಿದ್ದರೆ ಕಾವಲು ಸಿಬ್ಬಂದಿಯನ್ನು ಕೇಳಬೇಕು. ಅವರು ಬೇಡವೆಂದ ಮೇಲೆ ವಾದಕ್ಕಿಳಿಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ, ಏಕೆಂದರೆ ನಿಯಮ ಮಾಡಿದವರು ಅವರಲ್ಲ.

ಇನ್ನು ಸಹವೀಕ್ಷಕರ ವಿಷಯ. ಲೂವ್ರ್‌ನಲ್ಲಿರುವ ಮೋನಾಲಿಸಾ ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53. ಅಷ್ಟು ಚಿಕ್ಕ ಚಿತ್ರದೆದುರು ಕೈಗಳೆಲ್ಲ ಮೇಲೆದ್ದರೆ ಹಿಂದಿರುವ ಮಗುವಿಗಾಗಲಿ, ಗಾಲಿಕುರ್ಚಿಯಲ್ಲಿ ಬಂದವರಿಗಾಗಲಿ ಮೊಬೈಲ್‌ಗಳಷ್ಟೇ ಕಾಣಿಸುತ್ತವೆ. ಒಂದೆರಡು ಫೋಟೊ ತೆಗೆದು ಪಕ್ಕಕ್ಕೆ ಸರಿದು, ಅದು ಸರಿಯಾಗಿ ಬಂದಿದೆಯೇ ಎಂಬುದನ್ನು ಅಲ್ಲಿ ನಿಂತು ನೋಡಿಕೊಳ್ಳಬಹುದು. ಚಿತ್ರವನ್ನು ತನ್ಮಯರಾಗಿ ನೋಡುತ್ತಿರುವ ಅಪರಿಚಿತರ ಮುಖ ನಮ್ಮ ಫೋಟೊದೊಳಗೆ ಬಾರದಂತೆ ಕಾಯುವುದೂ ಸೌಜನ್ಯವೇ.

ಫೋಟೊ ತೆಗೆಯುವುದನ್ನೇ ನಾನು ಆಕ್ಷೇಪಿಸುತ್ತಿಲ್ಲ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡೀ ವಸ್ತುವಿನ ಫೋಟೊ ತೆಗೆದವರಿಗೆ ಅದರ ವಿವರಗಳು ಬರಿಗಣ್ಣಿನಿಂದ ನೋಡಿದ್ದಕ್ಕಿಂತ ಕಡಿಮೆ ನೆನಪಿದ್ದವು. ಆದರೆ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ಆದ್ದರಿಂದ ಮೊದಲು ಕೈಕಟ್ಟಿ ನೋಡಿ, ಮನಸ್ಸನ್ನು ಹಿಡಿದ ಒಂದು ಬೆರಳನ್ನೋ ಬಟ್ಟೆಯ ಮಡಿಕೆಯನ್ನೋ ಆರಿಸಿಕೊಂಡು ತೆಗೆಯುವುದು ನನಗೆ ಇಷ್ಟ. ಜೊತೆಗೆ ಪಕ್ಕದ ಮಾಹಿತಿ ಫಲಕವನ್ನೂ ತೆಗೆದುಕೊಂಡರೆ, ಮುಂದೆ ಆ ಫೋಟೊವನ್ನು ಹಂಚಿಕೊಳ್ಳುವಾಗ ಕಲಾವಿದರ ಹೆಸರನ್ನು ತಪ್ಪಿಲ್ಲದೆ ಬರೆಯಬಹುದು.