ಡಿಸ್ಕ್ ಫುಲ್ ಅಂದ ತಕ್ಷಣ ಆರ್‌ಎಂ ಹೊಡೀಬೇಡಿ

ಲಿನಕ್ಸ್ ಸರ್ವರ್ ನೋಡ್ಕೊಳ್ಳೋ ಕೆಲಸ ನಂದು. ಡಿಸ್ಕ್ ಫುಲ್ ಅಂತ ಅಲರ್ಟ್ ಬಂದ್ರೆ ಟೀಮ್‌ಗೆ ಹೊಸದಾಗಿ ಸೇರಿದೋರ ಕೈ ಸೀದಾ ಫೈಲ್ ಅಳಿಸೋ ಆರ್‌ಎಂ ಕಮಾಂಡ್‌ಗೇ ಹೋಗುತ್ತೆ, ಸ್ವಲ್ಪ ತಡ್ಕೊಳ್ರಪ್ಪಾ ಅಂತೀನಿ, ಮೊದಲು ಡಿಎಫ್ ಕಮಾಂಡ್ ಹಾಕಿ ಡಿಸ್ಕಿನ ಯಾವ ಪಾರ್ಟಿಷನ್ ತುಂಬಿದೆ ನೋಡಿ, ಆಮೇಲೆ ಅದರೊಳಗೆ ಡಿಯು ಹಾಕಿ ಯಾವ ಫೋಲ್ಡರ್ ಊದ್ಕೊಂಡಿದೆ ಹುಡುಕಿ. ಹೆಚ್ಚಿನ ಸಲ ಸಿಗೋದು ಹಳೇ ಲಾಗ್‌ಗಳು (ಪ್ರೋಗ್ರಾಂಗಳು ತಮ್ಮ ಕೆಲಸದ ಬಗ್ಗೆ ಬರೆದಿಡೋ ಫೈಲ್‌ಗಳು), ಇಲ್ಲಾಂದ್ರೆ ಯಾರೋ ತೆಗೆದಿಟ್ಟು ಮರೆತಿರೋ ಬ್ಯಾಕಪ್.

ಹಳೇ ಲಾಗ್ ಹುಡುಕೋಕೆ ಫೈಂಡ್ ಕಮಾಂಡೇ ಸರಿ. ಆದ್ರೆ ಅದು ನಾವು ಬರೆದಿದ್ದನ್ನ ಎಡದಿಂದ ಬಲಕ್ಕೆ ಒಂದೊಂದಾಗಿ ನೋಡ್ತಾ ಹೋಗುತ್ತೆ, ಹಂಗಾಗಿ ಡಿಲೀಟ್ ಆಪ್ಷನ್ ಮೊದಲು ಬರೆದು, ಯಾವ ಹೆಸರಿನ ಫೈಲ್ ಬೇಕು ಅಂತ ಹೇಳೋ ನೇಮ್ ಆಮೇಲೆ ಬರೆದ್ರೆ ಮುಗೀತು ಕಥೆ, ಹೆಸರು ನೋಡೋ ಮುಂಚೆನೇ ಫೋಲ್ಡರ್‌ನಲ್ಲಿರೋದೆಲ್ಲ ಹೋಗಿರುತ್ತೆ, ಮಾಡ್ಲಾ ಬೇಡ್ವಾ ಅಂತ ಒಂದು ಮಾತೂ ಕೇಳಲ್ಲ. ನಾನು ಯಾವಾಗ್ಲೂ ಡಿಲೀಟ್ ಇಲ್ದೆ ಒಂದ್ಸಲ ಓಡಿಸಿ, ಬಂದ ಲಿಸ್ಟ್ ಮೇಲೆ ಕಣ್ಣಾಡಿಸಿ, ಅಪ್ ಆರೋ ಒತ್ತಿ ಅದೇ ಸಾಲಿನ ತುದಿಗೆ ಡಿಲೀಟ್ ಸೇರಿಸ್ತೀನಿ. ಮತ್ತೆ ಟೈಪ್ ಮಾಡೋಕೆ ಹೋಗಲ್ಲ.

ಕೊನೇ ಸಲ ಬದಲಾಗಿ 30 ದಿನ ದಾಟಿದ ಫೈಲ್ ಕೊಡು ಅಂತ ಫೈಂಡ್‌ಗೆ ಹೇಳೋ ಎಂಟೈಮ್ ಪ್ಲಸ್ 30 ಅನ್ನೋದ್ರಲ್ಲೂ ಒಂದು ಕಿತಾಪತಿ ಇದೆ. ಲೆಕ್ಕ 24 ಗಂಟೆಗೊಂದು ದಿನ, ಮಿಕ್ಕಿದ ಗಂಟೆಗಳನ್ನ ಬಿಟ್ಟುಬಿಡುತ್ತೆ, ಅಂದ್ರೆ 30 ದಿನ 20 ಗಂಟೆ ಆಗಿರೋ ಫೈಲೂ ಅದಕ್ಕೆ 30 ದಿನದ್ದೇ, 31 ತುಂಬಿದ್ಮೇಲೇ ಲಿಸ್ಟ್‌ಗೆ ಬರೋದು.

ಇನ್ನೊಂದು, ಎಲ್ರೂ ತಲೆ ಕೆಡಿಸ್ಕೊಳ್ಳೋದು. ದೊಡ್ಡ ಲಾಗ್ ಅಳಿಸಾಯ್ತು, ಫೈಲ್ ಪಟ್ಟಿ ತೋರಿಸೋ ಎಲ್‌ಎಸ್‌ನಲ್ಲಿ ಕಾಣ್ತಿಲ್ಲ, ಡಿಯು ಕೂಡ ಕಮ್ಮಿ ತೋರಿಸ್ತಿದೆ, ಡಿಎಫ್ ಮಾತ್ರ ಇನ್ನೂ 100 ಪರ್ಸೆಂಟ್! ಆರ್‌ಎಂ ಅಳಿಸೋದು ಹೆಸರನ್ನ ಅಷ್ಟೇ, ಯಾವುದೋ ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ) ಆ ಫೈಲ್‌ನ ಇನ್ನೂ ಓಪನ್ ಇಟ್ಕೊಂಡಿದ್ರೆ ಅದು ಬಿಡೋವರೆಗೂ ಜಾಗ ವಾಪಸ್ ಬರಲ್ಲ. ಓಪನ್ ಇರೋ ಫೈಲ್‌ಗಳನ್ನ ತೋರಿಸೋ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್1 ಕೊಟ್ರೆ ಅಂಥ ಫೈಲ್‌ಗಳೂ, ಹಿಡ್ಕೊಂಡಿರೋ ಪ್ರೋಸೆಸ್ಸೂ ಸಿಗುತ್ತೆ, ಆ ಸರ್ವೀಸ್ ರೀಸ್ಟಾರ್ಟ್ ಮಾಡಿದ್ರೆ ಡಿಎಫ್ ಇಳಿಯುತ್ತೆ. ಹಗಲಲ್ಲಿ ರೀಸ್ಟಾರ್ಟ್‌ಗೆ ಯಾರು ಪರ್ಮಿಷನ್ ಕೊಡ್ತಾರೆ ಹೇಳಿ? ಅದಕ್ಕೇ ಓಡ್ತಿರೋ ಸರ್ವೀಸಿನ ಲಾಗ್ ಆದ್ರೆ ನಾನು ಅಳಿಸೋಕೇ ಹೋಗಲ್ಲ, ಟ್ರಂಕೇಟ್ ಹಾಕಿ ಸೈಜ್ ಸೊನ್ನೆ ಮಾಡ್ತೀನಿ, ಜಾಗ ಆಗಲೇ ಸಿಗುತ್ತೆ.

ಆ ಸರ್ವೀಸ್ ಲಾಗ್‌ನ ಅಪೆಂಡ್ ಮೋಡ್‌ನಲ್ಲಿ, ಅಂದ್ರೆ ಪ್ರತಿ ಸಲ ಫೈಲಿನ ಆಗಿನ ಕೊನೆಗೇ ಸೇರಿಸ್ತಾ, ಬರೀತಿದ್ರೆ ಯೋಚ್ನೆ ಇಲ್ಲ. ಇಲ್ಲಾಂದ್ರೆ ಅದು ನಿಲ್ಲಿಸಿದ್ದ ಜಾಗದಿಂದಲೇ ಮುಂದುವರಿಸುತ್ತೆ, ಎಲ್‌ಎಸ್‌ನಲ್ಲಿ ಫೈಲ್ ಮತ್ತೆ ಹಳೇ ಸೈಜ್‌ಗೇ ಬಂದ ಹಾಗೆ ಕಾಣುತ್ತೆ, ಗಾಬರಿ ಬೀಳೋದು ಬೇಡ, ಫೈಲಿನ ಶುರುವಿನ ಭಾಗ ಬರೀ ಖಾಲಿ, ನಿಜವಾಗ್ಲೂ ಎಷ್ಟು ಜಾಗ ತಿಂದಿದೆ ಅಂತ ಡಿಯು ಕೇಳಿ.