ಕ್ರಿಯಾಟಿನಿನ್ 1.2: ಮಗನಿಗೆ ಪರವಾಗಿಲ್ಲ, ಅಮ್ಮನಿಗೆ?

ಹೆಲ್ತ್ ಚೆಕಪ್ ರಿಪೋರ್ಟ್ ಬಂದರೆ ಹೆಚ್ಚಿನವರು ಕ್ರಿಯಾಟಿನಿನ್ (ರಕ್ತದಿಂದ ಕಿಡ್ನಿ ಸೋಸಿ ಹೊರಹಾಕುವ ಕಸ) ನೋಡಿ ಮಡಿಚಿಡುತ್ತಾರೆ. ಅದರ ಕೆಳಗೆ ಇಜಿಎಫ್‌ಆರ್ ಅಂತ ಒಂದು ಸಾಲಿರುತ್ತದೆ. ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು ಅದು. 30ರ ಮಗನಿಗೂ 70ರ ಅಮ್ಮನಿಗೂ ಕ್ರಿಯಾಟಿನಿನ್ 1.2 mg/dL ಅನ್ನಿ. ವಯಸ್ಸು, ಲಿಂಗವನ್ನೂ ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕುವ 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ಹಾಕಿದರೆ ಮಗನಿಗೆ 83, ಅಮ್ಮನಿಗೆ 49! ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಕರಗಿದ ಅಮ್ಮನ ರಕ್ತದಲ್ಲೂ ಅಷ್ಟೇ ಉಳಿದಿದೆ ಎಂದರೆ ಸೋಸುವಿಕೆ ತಗ್ಗಿದೆ.

ಹಾಗಂತ ಒಂದೇ ರಿಪೋರ್ಟಿಗೆ ಗಾಬರಿಯಾಗಬೇಡಿ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ 3 ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತದೆ, ಆದ್ದರಿಂದ ಟೆಸ್ಟಿನ ಹಿಂದಿನ ರಾತ್ರಿ ಮಟನ್ ದೊನ್ನೆ ಬಿರಿಯಾನಿ ಬೇಡ. ಜಿಮ್ ಹುಡುಗರ ಕ್ರಿಯೇಟಿನ್ ಪುಡಿಯೂ ಲೆಕ್ಕ ತಪ್ಪಿಸುತ್ತದೆ. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಕೂಡ ಕ್ರಿಯಾಟಿನಿನ್ ಹೊರಹೋಗುವುದನ್ನು ತಡೆಯುತ್ತದೆ. ಸೋಸುವಿಕೆ ಇದ್ದಂತೆಯೇ ಇದ್ದರೂ ಇಜಿಎಫ್‌ಆರ್ ಅಂಕಿ ಬೀಳುತ್ತದೆ. ಅನುಮಾನವಿದ್ದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಬಹುದು.

ನಿಜವಾಗಿ ಕೆಡಿಸುವುದರಲ್ಲಿ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಂಡಿನೋವಿನ ಮಾತ್ರೆಗೆ ದೊಡ್ಡ ಪಾಲಿದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಸೋಸುವ ಗೊಂಚಲಿಗೆ ರಕ್ತ ತರುವ ನಾಳ ಬಿಗಿಯುತ್ತದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಅಲ್ಲಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದು, ವಾಂತಿಭೇದಿಯಾಗಿ ಮೈಯ ನೀರೂ ಹೋದರೆ ಗೊಂಚಲಿನೊಳಗಿನ ಒತ್ತಡವೇ ಕುಸಿಯುತ್ತದೆ. ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು. ಅಂಥ ದಿನಗಳಲ್ಲಿ ಯಾವ ಮಾತ್ರೆ ತಡೆಹಿಡಿಯಬೇಕೆಂದು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಟೆಲ್ಮಿಸಾರ್ಟನ್ ಮೇಲೆ ಸಿಟ್ಟು ಬೇಡ. ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ತಗ್ಗಿಸಿ ಮುಂದೆ ಕಿಡ್ನಿ ಕಾಯುವುದೂ ಅದೇ. 2–4 ವಾರಕ್ಕೆ ಕ್ರಿಯಾಟಿನಿನ್ ಜೊತೆ ಪೊಟ್ಯಾಸಿಯಂ ನೋಡಿಸಿ. ಪೊಟ್ಯಾಸಿಯಂ ಏರಿದ್ದರೆ, ಅದೇ ಹೆಚ್ಚಿರುವ ರಸ್ತೆ ಬದಿಯ ಎಳನೀರು, ಲೋ ಸೋಡಿಯಂ ಉಪ್ಪು ಎರಡೂ ಬಂದ್. ಐದಾರು ಲೀಟರ್ ನೀರು ಕುಡಿದು ಜಿಎಫ್‌ಆರ್ ಏರಿಸುವುದು ಬರೀ ವಾಟ್ಸ್ಆ್ಯಪ್ ವೈದ್ಯ.

ಇನ್ನೊಂದು ಟೆಸ್ಟನ್ನು ಬಹಳ ಜನ ಬಿಟ್ಟೇಬಿಡುತ್ತಾರೆ: ಮೂತ್ರದ ಎಸಿಆರ್, ಅಂದರೆ ಮೂತ್ರದಲ್ಲಿ ಸೋರಿದ ಅಲ್ಬುಮಿನ್ ಎಂಬ ಪ್ರೋಟೀನಿಗೂ ಕ್ರಿಯಾಟಿನಿನ್‌ಗೂ ಇರುವ ಅನುಪಾತ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಅದು 30 mg/g ದಾಟಿ ಹಾಗೇ ಉಳಿದರೆ, ಇಜಿಎಫ್‌ಆರ್ 95 ಇದ್ದರೂ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಎರಡನ್ನೂ ಒಟ್ಟಿಗೆ ಮಾಡಿಸಿ, ಹಳೆಯ ರಿಪೋರ್ಟ್‌ಗಳನ್ನೂ ಡಾಕ್ಟರ್ ಮುಂದಿಡಿ.