ಎರಡೂ ಮೋಡ್‌ಗೆ ಒಂದ ಧ್ವನಿ: ಓವರ್‌ಡ್ರೈವ್ ಪೆಡಲ್ಲಿನ ಜಗಳ

ಆತು, ಗಿಟಾರಿನ ಧ್ವನಿ ಒರಟು ಮಾಡೂ ಓವರ್‌ಡ್ರೈವ್ ಪೆಡಲ್ ಕಟ್ಟಾಕ ಕುಂತಿದ್ದೆ, ನಿನ್ನೆ ರಾತ್ರಿ ಹನ್ನೊಂದೂವರಿಗೆ ಅದು ದಾರಿಗೆ ಬಂತು. ಬಫರ್, ಟೋನ್, ಡಬ್ಬಿ ಕೊರದದ್ದು ಬಿಡ್ರಿ, ಅದು ಎಲ್ಲಾರಿಗೂ ಗೊತ್ತಿದ್ದದ್ದ. ತಲಿ ತಿಂದದ್ದು ಮೋಡ್ ಸ್ವಿಚ್, ಅಂದ್ರ ಎರಡು ನಮೂನಿ ಧ್ವನಿ ಅದಲು ಬದಲು ಮಾಡೂ ಬಟನ್.

ಧ್ವನಿ ದೊಡ್ಡದು ಮಾಡೂ 4558 ಐಸಿಯ ಫೀಡ್‌ಬ್ಯಾಕಿನಾಗ (ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ತಿರುಗಿ ಬರೂ ದಾರ್ಯಾಗ) ಎರಡು ಕೆಂಪು ಎಲ್‌ಇಡಿ ಕಾಯಂ. ಬಾಜೂಕ 1ಎನ್4148 ಸಿಲಿಕಾನ್ ಡಯೋಡ್ ಜೋಡಿ, ಅದಕ್ಕ ಬಾಗಲಾ ಕಾಯಾಕ ಒಂದು ಜೆ113, ಸ್ವಿಚ್ಚಿನಂಗ ಕೆಲಸ ಮಾಡೂ ಜೆಫೆಟ್ ಟ್ರಾನ್ಸಿಸ್ಟರ್. ಬಾಗಲಾ ತೆರದ್ರ ಸಿಲಿಕಾನ್ ಧ್ವನಿಯ ಅಲೆಯನ್ನ 0.6 ವೋಲ್ಟಿಗೇ ಕತ್ತರಸ್ತೈತಿ, ಮುಚ್ಚಿದ್ರ ಎಲ್‌ಇಡಿ 1.7ರ ತನಕ ಬಿಡ್ತೈತಿ, ಗಿಟಾರು ಬಾಯಿಬಿಟ್ಟು ಹಾಡ್ತೈತಿ. ಲೆಕ್ಕ ಹಂಗ. ಕಾಲಿಲೆ ಒತ್ತಿದೆ: ದೀಪ ಬದಲಾತು, ಧ್ವನಿ ಅದ. ಅಡಿಗಿಮನಿಯಿಂದ ಅವ್ವ, "ಎರಡೂ ಒಂದ ನಮೂನಿ ಒದರಿದ್ರ ಬಟನ್ ಯಾಕ ಬೇಕೋ?"

ಒಮ್ಮೆ ಒತ್ತಿದ್ರ ಆನ್, ಮತ್ತೊಮ್ಮೆ ಒತ್ತಿದ್ರ ಆಫ್ ಮಾಡೂ 4013 ಫ್ಲಿಪ್‌ಫ್ಲಾಪ್ ಐಸಿ ಬದಲಿ ಮಾಡಿದೆ. ಬೆಸಿಗಿ ಎಲ್ಲಾ ಮತ್ತ ಕಾಸಿದೆ. ಫುಟ್‌ಸ್ವಿಚ್ಚಿಗೆ ಬೈದೆ, ಪಾಪ ಅದರ ತಪ್ಪಿರಲಿಲ್ಲ. 4013ರ ಔಟ್‌ಪುಟ್ ನೋಡಿದ್ರ 0, 9, 0, 9 ವೋಲ್ಟ್, ಗಡಿಯಾರದಂಗ. ಮೂರನೇ ರಾತ್ರಿ, ಕರೆಂಟ್ ಹೋಗಿ ಮೊಬೈಲ್ ಟಾರ್ಚಿನಾಗ ಕುಂತಾಗ, ಜೆಫೆಟ್ಟನ್ನ ಕಿತ್ತು ಅಳದೆ. ಅದರ ಮೂರು ಕಾಲಿನಾಗ ಗೇಟ್ (ಬಾಗಲಾ ನಡಸೂ ಕಾಲು) ನೆಲಕ್ಕ, ಅಂದ್ರ ಗ್ರೌಂಡಿಗೆ, ಡ್ರೇನ್ 9 ವೋಲ್ಟಿಗೆ, ಸೋರ್ಸಿನಿಂದ ನೆಲಕ್ಕ ಬರೀ ಮೀಟರ್. 5.9 ವೋಲ್ಟ್! ಬಾಗಲಾ ಪೂರ್ತಿ ಮುಚ್ಚಾಕ ಗೇಟ್ ಸೋರ್ಸಿಗಿಂತ ಸುಮಾರು ಇಷ್ಟು ಕೆಳಗ ಇಳೀಬೇಕು. ಜೆ113 ಆಗಿದ್ರ 3ರ ಒಳಗ ಇರಬೇಕು. ನನ್ನ ಸೋರ್ಸ್ ಕುಂತದ್ದು 4.5ರ ಮ್ಯಾಲ, ಗೇಟನ್ನ ಸೊನ್ನಿಗೆ ಎಳದ್ರೂ ಸಿಗೂದು ಮೈನಸ್ 4.5 ಅಷ್ಟ. ಬಾಗಲಾ ಅರ್ಧಾ ತೆರದ ಇತ್ತು. ತರಿಸಿದ್ದ ಹತ್ತಕ್ಕ ಹತ್ತೂ ಹಂಗ. ಮೈಮ್ಯಾಲ ಜೆ113 ಅಂತ ಛಂದ ಅಚ್ಚು, ಹೊಟ್ಯಾಗ ಬಹುಶಃ ಜೆ111, ಮುಚ್ಚಾಕ ಹೆಚ್ಚು ವೋಲ್ಟ್ ಬೇಡೂದು. ಆನ್‌ಲೈನ್ ಅಂಗಡಿಯವನಿಗೆ ಕೇಳಿದ್ರ "ಟೆಸ್ಟ್ ಮಾಡೇ ಕಳಸೀವಿ ಸರ್". ಯಾವುದರಾಗ ಟೆಸ್ಟ್ ಮಾಡಿದಿಯಪ್ಪಾ, ತಕ್ಕಡಿಯಾಗ?

ಹಳೇ ಡಬ್ಬ್ಯಾಗ ಒಂದು ಸಿಕ್ತು, 1.6 ಬಂತು. ಹಾಕಿದೆ. ಬಾಯಿಬಿಡ್ತು! ಆದ್ರ ಪ್ರತಿ ಸರ್ತಿ "ಟಪ್". ಗೇಟಿನ ದಾರಿಗೆ 1 ಮೆಗಾಓಮ್ ರೆಸಿಸ್ಟರ್, ನೆಲಕ್ಕ 22 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. 22 ಮಿಲಿಸೆಕೆಂಡಿನಾಗ ಬಾಗಲಾ ಮೆತ್ತಗ ಸರೀತೈತಿ, ಟಪ್ ಮಾಯ.

ಮುಂದಿಂದು ಡಿಲೇ, ಧ್ವನಿಯನ್ನ ತಡಾ ಮಾಡಿ ಮತ್ತ ಕೇಳಸೂ ಪೆಡಲ್. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರ್ಯಾಗ ಆಕಡೆ ಗ್ವಾಡಿ ಸುಮಾರು 38 ಮೀಟರ್ ದೂರ. ಚಪ್ಪಾಳಿ ಹೋಗಿ ಬರಾಕ 0.22 ಸೆಕೆಂಡ್. ಪಿಟಿ2399 ಅನ್ನೂ ಡಿಲೇ ಐಸಿಗೆ ಅದು ಎಡಗೈ ಕೆಲಸ, ಮನಿಯಾಗ ಕುಂತ ಗುಮ್ಮಟ ಬಾರಸಬಹುದು. ಎರಡು ಐಸಿ ಆರ್ಡರ್ ಹಾಕೀನಿ. ಅದ ಅಂಗಡಿಗೆ. ಏನ್ ಮಾಡೂದ್ರಿ, ಸ್ಟಾಕ್ ಅವನ ಹಂತೇಕನ ಐತಿ.